ಬೆಂಚು ಹಿಗ್ಗಿಸುವ ಮೊದಲು ತಲೆ ಎಣಿಸಿ
ಓದುಗರ ಪ್ರಶ್ನೆ, ನಮ್ಮ ಉತ್ತರ: ಫ್ಯಾಂಟಸಿ ಹಾಕಿ ಲೀಗಿನ ರೋಸ್ಟರ್ ನಿಯಮಗಳು

ಕೆನಡಾ, ಅಮೆರಿಕದ ಕಚೇರಿಗಳಲ್ಲಿ ಕೆಲಸ ಮಾಡುವ ಕನ್ನಡಿಗರಿಂದ ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಐಸ್ ಹಾಕಿಯ ಫ್ಯಾಂಟಸಿ ಲೀಗಿನವು. ಆಟ ಗೊತ್ತಿಲ್ಲದವರಿಗೆ ಎರಡು ಮಾತು: ಅಲ್ಲಿನ ವೃತ್ತಿಪರ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್‌ನ ನಿಜವಾದ ಆಟಗಾರರನ್ನು ಗೆಳೆಯರು ಸರದಿಯಂತೆ ಆರಿಸಿಕೊಳ್ಳುತ್ತಾರೆ, ಇದು ಡ್ರಾಫ್ಟ್. ಆ ಆಟಗಾರರು ನಿಜವಾದ ಪಂದ್ಯಗಳಲ್ಲಿ ಗಳಿಸುವ ಗೋಲು, ಅಸಿಸ್ಟ್ (ಗೋಲಿಗೆ ನೆರವಾದ ಪಾಸ್), ಶಾಟ್, ಹಿಟ್ (ಎದುರಾಳಿಗೆ ಮೈಯಿಂದ ಕೊಡುವ ಡಿಕ್ಕಿ) ಇತ್ಯಾದಿಗಳೇ ಇವರ ಅಂಕ. ಯಾವ ಸ್ಥಾನದಲ್ಲಿ ಎಷ್ಟು ಜನರನ್ನು ಇಟ್ಟುಕೊಳ್ಳಬಹುದು ಎನ್ನುವುದೇ ರೋಸ್ಟರ್ ನಿಯಮ. ಆ ದಿನ ಆಡಿಸದೆ ಕಾದಿರಿಸಿದವರ ಜಾಗ ಬೆಂಚ್, ಅಲ್ಲಿರುವವರ ಗೋಲು ಲೆಕ್ಕಕ್ಕಿಲ್ಲ. ಜಗಳವೆಲ್ಲ ಅಲ್ಲಿಂದಲೇ ಹುಟ್ಟುವುದು. ಇನ್ನೊಂದು ಮಾತು: ಅಲ್ಲಿಯವರು ಗೋಲ್‌ಕೀಪರನ್ನು ‘ಗೋಲಿ’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ಬೀದಿಯ ಗೋಲಿಯಾಟ. ಹಾಗಾಗಿ ಇಲ್ಲಿ ಗೋಲ್‌ಕೀಪರ್ ಎಂದೇ ಬರೆದಿದ್ದೇವೆ.

ನಮ್ಮದು 12 ಜನರ ಲೀಗು. 2 ಸೆಂಟರ್, 2 ಲೆಫ್ಟ್ ವಿಂಗ್, 2 ರೈಟ್ ವಿಂಗ್, 4 ಡಿಫೆನ್ಸ್, 2 ಗೋಲ್‌ಕೀಪರ್, 4 ಬೆಂಚ್. ಮೂರು ಮುಂಚೂಣಿ ಸ್ಥಾನಗಳನ್ನು ತೆಗೆದು ‘6 ಫಾರ್ವರ್ಡ್’ ಎಂದು ಒಂದೇ ಮಾಡೋಣ ಅಂತ ಅರ್ಧ ಜನ ಹಟ ಹಿಡಿದಿದ್ದಾರೆ. ಏನು ವ್ಯತ್ಯಾಸ ಆಗುತ್ತದೆ?
— ಮಿಸಿಸಾಗದ ಓದುಗರು

ಬಹಳ ವ್ಯತ್ಯಾಸ ಆಗುತ್ತದೆ. ಅದು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಆಗದಿರುವುದೇ ತೊಂದರೆ.

ಮೊದಲು ತಲೆ ಎಣಿಸಿ. ಎನ್‌ಎಚ್‌ಎಲ್‌ನಲ್ಲಿ 32 ತಂಡಗಳು. ಪ್ರತಿ ತಂಡ ಒಂದು ಪಂದ್ಯಕ್ಕೆ 20 ಜನರನ್ನು ಸಜ್ಜು ಮಾಡುತ್ತದೆ. ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್, 2 ಗೋಲ್‌ಕೀಪರ್. ಫಾರ್ವರ್ಡ್‌ಗಳು ಮೂವರಂತೆ ನಾಲ್ಕು ಸಾಲು. ಕಾಗದದ ಮೇಲೆ ಇಡೀ ಲೀಗಿನಲ್ಲಿ 128 ಸೆಂಟರ್, 128 ಲೆಫ್ಟ್ ವಿಂಗ್, 128 ರೈಟ್ ವಿಂಗ್. ಆದರೆ ಪವರ್ ಪ್ಲೇ (ಎದುರಾಳಿ ಶಿಕ್ಷೆಯಿಂದ ಒಬ್ಬ ಕಡಿಮೆ ಇರುವ ಹೊತ್ತು) ಸಿಗುವುದು, ಅಂಕ ಬರುವುದು ಹೆಚ್ಚಾಗಿ ಮೊದಲ ಎರಡು ಸಾಲುಗಳಿಗೆ. ಹಾಗೆ ನೋಡಿದರೆ ಪ್ರತಿ ಸ್ಥಾನಕ್ಕೆ ಕೆಲಸಕ್ಕೆ ಬರುವವರು 64 ಜನ. ನಿಮ್ಮ ಲೀಗು ಪ್ರತಿ ಸ್ಥಾನದಲ್ಲಿ 24 ಜನರನ್ನು ಆಡಿಸುತ್ತದೆ, ಬೆಂಚ್ ಸೇರಿಸಿದರೆ ಸುಮಾರು 30. ಎಂದರೆ ನಿಮ್ಮಲ್ಲಿ ಮುಂಚೂಣಿಗೆ ಬರಗಾಲವೇನೂ ಇಲ್ಲ.

ಇನ್ನು ಬೆಲೆಯ ಮಾತು. ಅಂಕಪಟ್ಟಿಯ ತುದಿಯಲ್ಲಿ ಸೆಂಟರ್‌ಗಳು ಒತ್ತೊತ್ತಾಗಿ ಇರುತ್ತಾರೆ. ಸ್ಥಾನ ಬೇರೆ ಬೇರೆ ಇದ್ದಾಗ ಅದೇ ಅಂಕ ಗಳಿಸುವ ವಿಂಗರ್‌ಗೆ ಸೆಂಟರ್‌ಗಿಂತ ಹೆಚ್ಚು ಬೆಲೆ, ಏಕೆಂದರೆ ಅಂಥವರು ಕಡಿಮೆ. ಒಂದೇ ‘ಫಾರ್ವರ್ಡ್’ ಮಾಡಿದ ದಿನವೇ ಆ ಬೆಲೆ ಸೊನ್ನೆ. ಲಿಯಾನ್ ಡ್ರೈಸೈಟಲ್‌ನಂಥ ಆಟಗಾರನಿಗೆ ಫ್ಯಾಂಟಸಿ ಆಡಿಸುವ ವೆಬ್‌ಸೈಟುಗಳು ಸೆಂಟರ್ ಮತ್ತು ಲೆಫ್ಟ್ ವಿಂಗ್ ಎರಡನ್ನೂ ಕೊಟ್ಟಿದ್ದುಂಟು. ಆ ಎರಡನೇ ಸ್ಥಾನಕ್ಕಾಗಿಯೇ ಅವನನ್ನು ಒಂದು ಸುತ್ತು ಮುಂಚೆ ಆರಿಸಿದವರ ಲೆಕ್ಕಾಚಾರ ನೀರುಪಾಲು. ನಿಮ್ಮದು ಕೀಪರ್ ಲೀಗು, ಅಂದರೆ ಆಟಗಾರರನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳುವ ಲೀಗು ಆಗಿದ್ದರೆ, ಈ ನಷ್ಟ ಬರೀ ಒಂದು ಸೀಸನ್ನಿನದಲ್ಲ.

ಫೇಸ್‌ಆಫ್ (ಇಬ್ಬರ ನಡುವೆ ಪಕ್ ಬೀಳಿಸಿ ಆಟ ಶುರುಮಾಡುವುದು) ಗೆಲುವನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಾ? ಹಾಗಿದ್ದರೆ ಈ ಬದಲಾವಣೆ ಬೇಡವೇ ಬೇಡ. ಫೇಸ್‌ಆಫ್ ತೆಗೆದುಕೊಳ್ಳುವವರು ಬಹುತೇಕ ಸೆಂಟರ್‌ಗಳೇ. ಆರೂ ಜಾಗಕ್ಕೆ ಸೆಂಟರ್‌ಗಳನ್ನೇ ತುಂಬಿದವನು ಪ್ರತಿ ವಾರ ಆ ವಿಭಾಗವನ್ನು (ಗೋಲು, ಹಿಟ್, ಫೇಸ್‌ಆಫ್ ಒಂದೊಂದನ್ನೂ ಎದುರಾಳಿಯದರೊಂದಿಗೆ ಬೇರೆಯಾಗಿ ಹೋಲಿಸುವ ಲೆಕ್ಕ) ಕಣ್ಣುಮುಚ್ಚಿ ಗೆಲ್ಲುತ್ತಾನೆ.

ನಡುದಾರಿ ಒಂದಿದೆ. 2-2-2 ಹಾಗೆಯೇ ಇರಲಿ. ನಾಲ್ಕು ಬೆಂಚಿನಲ್ಲಿ ಒಂದನ್ನು ಯುಟಿಲಿಟಿ ಜಾಗ ಮಾಡಿ, ಯಾವ ಸ್ಥಾನದವರನ್ನೂ ಅಲ್ಲಿ ಆಡಿಸಬಹುದು. ಹಿಟ್ ಮತ್ತು ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು) ಎಣಿಸುವ ಲೀಗಾದರೆ ಜನ ಅಲ್ಲಿಗೆ ಐದನೇ ಡಿಫೆನ್ಸ್‌ಮನ್‌ನನ್ನು ತಂದು ಕೂರಿಸುತ್ತಾರೆ. ಅದು ಬೇಡ ಎಂದಾದರೆ ‘ಫಾರ್ವರ್ಡ್ ಮಾತ್ರ’ ಎಂದು ನಿಯಮದಲ್ಲೇ ಬರೆಯಿರಿ, ಸೈಟಿನಲ್ಲೂ ಅದೇ ಆಯ್ಕೆ ಒತ್ತಿ.

ಡಿಫೆನ್ಸ್ ಜಾಗಗಳನ್ನು 4ರಿಂದ 5ಕ್ಕೆ ಏರಿಸೋಣ ಎಂದು ಯಾರಾದರೂ ಹೇಳುವ ಮೊದಲೇ ಒಂದು ಮಾತು. ಮೊದಲ ಪವರ್ ಪ್ಲೇ ಘಟಕದಲ್ಲಿ ಹೆಚ್ಚಿನ ತಂಡಗಳು ಒಬ್ಬನೇ ಡಿಫೆನ್ಸ್‌ಮನ್‌ನನ್ನು ಇಡುತ್ತವೆ. ಲೀಗಿಗೆಲ್ಲ ಅಂಥವರು 32. ನೀವು ಈಗಲೇ 48 ಜನರನ್ನು ಆಡಿಸುತ್ತಿದ್ದೀರಿ. 5 ಮಾಡಿದರೆ 60. ಗೋಲು, ಅಸಿಸ್ಟ್, ಪವರ್ ಪ್ಲೇ ಅಂಕ ಇಷ್ಟನ್ನೇ ಎಣಿಸುವ ಲೀಗಿನಲ್ಲಿ ಐದನೇ ಜಾಗ ಖಾಲಿ ಕುರ್ಚಿಗೆ ಸಮ. ಬ್ಲಾಕ್ ಎಣಿಸಿದರೆ ಮಾತ್ರ ಅದಕ್ಕೆ ಜೀವ ಬರುತ್ತದೆ.

ಶನಿವಾರ ನನ್ನ ಒಳ್ಳೊಳ್ಳೆಯ ಆಟಗಾರರು ಬೆಂಚಿನಲ್ಲಿ ಕೂತು ಗೋಲು ಹೊಡೆಯುತ್ತಾರೆ. ಬೆಂಚನ್ನು 4ರಿಂದ 7 ಮಾಡಿದರೆ ಈ ಗೋಳು ತಪ್ಪುತ್ತದೆಯೇ?
— ಸ್ಯಾನ್ ಹೊಸೆಯ ಓದುಗರು

ತಪ್ಪುವುದಿಲ್ಲ, ಹೆಚ್ಚುತ್ತದೆ. ಎನ್‌ಎಚ್‌ಎಲ್ ವೇಳಾಪಟ್ಟಿಯಲ್ಲಿ ಮಂಗಳವಾರ, ಗುರುವಾರ, ಶನಿವಾರ ಜಾತ್ರೆ. ಸೋಮವಾರ, ಬುಧವಾರ, ಶುಕ್ರವಾರ, ಭಾನುವಾರ ಬಹುಮಟ್ಟಿಗೆ ಬಿಕೋ. ಹತ್ತು ಸ್ಕೇಟರ್ (ಗೋಲ್‌ಕೀಪರ್ ಅಲ್ಲದವರ) ಜಾಗಗಳು ಏಳು ದಿನಕ್ಕೆ 70 ಅವಕಾಶ. ಒಬ್ಬ ಆಟಗಾರ ವಾರಕ್ಕೆ ಮೂರರಿಂದ ನಾಲ್ಕು ಪಂದ್ಯ ಆಡುತ್ತಾನೆ. ಹತ್ತು ಜನರಿಂದ 30–40. ಎಂದರೆ ಅರ್ಧದಷ್ಟು ಅವಕಾಶ ಖಾಲಿಯೇ ಹೋಗುತ್ತಿದೆ, ಶನಿವಾರ ಮಾತ್ರ ತುಂಬಿ ತುಳುಕುತ್ತಿದೆ. ಬೆಂಚ್ ಹೆಚ್ಚಿಸಿದರೆ ಸೇರುವ ಮೂವರೂ ಬಹುಶಃ ಅದೇ ಶನಿವಾರ ಆಡುವವರೇ.

ಜೊತೆಗೆ ಇನ್ನೊಂದು ಹಾನಿ. 12 ಜನರ ಲೀಗಿನಲ್ಲಿ ತಲಾ 3 ಬೆಂಚ್ ಎಂದರೆ 36 ಆಟಗಾರರು ಫ್ರೀ ಏಜೆಂಟ್ ಪಟ್ಟಿಯಿಂದ (ಯಾರ ತಂಡದಲ್ಲೂ ಇಲ್ಲದವರ ಪಟ್ಟಿ) ಮಾಯ. ಗಾಯವಾದಾಗ ಬದಲಿ ಹುಡುಕುವವನಿಗೆ ನಾಲ್ಕನೇ ಸಾಲಿನವರೇ ಗತಿ.

ನಿಯಮ ಬದಲಿಸದೆಯೇ ಮಾಡಬಹುದಾದದ್ದು: ಕೊನೆಯ ಇಬ್ಬರು ಬೆಂಚ್ ಆಟಗಾರರನ್ನು ಆರಿಸುವಾಗ ಅಂಕ ನೋಡಬೇಡಿ, ಅವರ ತಂಡ ಸೋಮ-ಬುಧ-ಶುಕ್ರ-ಭಾನುವಾರ ಎಷ್ಟು ಪಂದ್ಯ ಆಡುತ್ತದೆ ನೋಡಿ. ವಾರಕ್ಕೆ ನಾಲ್ಕು ಪಂದ್ಯವಿದ್ದು ಅದರಲ್ಲಿ ಮೂರು ಬಿಕೋ ದಿನದವಾದರೆ, ಸಾಧಾರಣ ಮೂರನೇ ಸಾಲಿನವನೂ ನಿಮ್ಮ ಬೆಂಚಿನ ತಾರೆಗಿಂತ ಹೆಚ್ಚು ಕೊಡುತ್ತಾನೆ.

ಗಾಯಾಳುಗಳನ್ನು ಇಡುವ ಐಆರ್ ಜಾಗ ಮತ್ತು ಐಆರ್ ಪ್ಲಸ್ ಜಾಗ — ಯಾವುದನ್ನು ಇಡಬೇಕು? ನಮ್ಮಲ್ಲಿ ಇದಕ್ಕೇ ಎರಡು ಗುಂಪಾಗಿದೆ.
— ಕ್ಯಾಲ್ಗರಿಯ ಓದುಗರು

ಗುಂಪಾಗುವುದು ಸಹಜ. ಎರಡೂ ಕಡೆ ನ್ಯಾಯವಿದೆ.

ಬರೀ ಐಆರ್ ಜಾಗಕ್ಕೆ ಹೋಗಬೇಕಾದರೆ ಎನ್‌ಎಚ್‌ಎಲ್ ತಂಡವೇ ಆಟಗಾರನನ್ನು ಅಧಿಕೃತವಾಗಿ ಗಾಯಾಳು ಪಟ್ಟಿಗೆ ಸೇರಿಸಿರಬೇಕು. ಸೇರಿಸಿದರೆ ಕನಿಷ್ಠ 7 ದಿನ ಆಡುವಂತಿಲ್ಲ. ದೀರ್ಘಾವಧಿ ಪಟ್ಟಿಯಾದರೆ ಕನಿಷ್ಠ 10 ಪಂದ್ಯ ಮತ್ತು 24 ದಿನ. ಆದರೆ ತಂಡಗಳು ಈ ಪಟ್ಟಿಯನ್ನು ಬಳಸುವುದು 23 ಜನರ ಮಿತಿಯೊಳಗೆ ಇನ್ನೊಬ್ಬನಿಗೆ ಜಾಗ ಬೇಕಾದಾಗ. ಜಾಗ ಖಾಲಿ ಇದ್ದರೆ ಹತ್ತು ದಿನ ಆಡದವನನ್ನೂ ಪಟ್ಟಿಗೆ ಸೇರಿಸದೆ ಸುಮ್ಮನಿರುತ್ತವೆ. ಆಗ ಸೈಟಿನಲ್ಲಿ ಅವನ ಹೆಸರಿನ ಮುಂದೆ ‘ಔಟ್’ ಎಂದಷ್ಟೇ ಇರುತ್ತದೆ, ನಿಮ್ಮ ಐಆರ್ ಜಾಗ ಅವನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕಾಗಿ ಹುಟ್ಟಿದ್ದು ಐಆರ್ ಪ್ಲಸ್: ಔಟ್ ಆದವರಿಗೂ ಡೇ-ಟು-ಡೇ (ಆಡುವುದು ದಿನದಿನಕ್ಕೆ ತೀರ್ಮಾನ) ಎಂದು ಗುರುತಾದವರಿಗೂ ಅಲ್ಲಿ ಪ್ರವೇಶ.

ತೊಂದರೆ ಈ ಡೇ-ಟು-ಡೇಯದು. ಹಾಕಿ ತಂಡಗಳು ಗಾಯದ ಬಗ್ಗೆ ಬಾಯಿ ಬಿಡುವುದೇ ಇಲ್ಲ. ‘ಮೇಲ್ದೇಹದ ಗಾಯ’, ‘ಕೆಳದೇಹದ ಗಾಯ’ ಎನ್ನುವಲ್ಲಿಗೆ ಮಾತು ಮುಗಿಯಿತು. ಅಭ್ಯಾಸಕ್ಕೆ ಬರದವನಿಗೂ ಆ ಗುರುತು ಬೀಳಬಹುದು. ಚಾಲಾಕಿಯಾದವನು ಅವನನ್ನು ಐಆರ್ ಪ್ಲಸ್‌ಗೆ ತಳ್ಳಿ, ಖಾಲಿಯಾದ ಜಾಗಕ್ಕೆ ಹೊಸಬನನ್ನು ತಂದು, ಎರಡು ಪಂದ್ಯ ಆಡಿಸಿ ಕೈಬಿಡುತ್ತಾನೆ. ಅಂದರೆ ಐಆರ್ ಪ್ಲಸ್ ಬಾಗಿಲ ಹಿಂದಿನ ಬೆಂಚ್ ಆಯಿತು.

ನಮ್ಮ ಸಲಹೆ: ಒಂದು ಐಆರ್ ಪ್ಲಸ್, ಎರಡು ಐಆರ್. ನಾಲ್ಕು ಐಆರ್ ಪ್ಲಸ್ ಇಡುವ ಲೀಗುಗಳಲ್ಲಿ ಬೆಂಚ್ ಮಿತಿ ಎನ್ನುವುದಕ್ಕೆ ಅರ್ಥವೇ ಇರುವುದಿಲ್ಲ. ಗುಣವಾದವನನ್ನು ಅಲ್ಲೇ ಬಿಟ್ಟರೆ ಯಾಹೂನಂಥ ಸೈಟುಗಳು ಹೊಸ ಆಟಗಾರನನ್ನು ಸೇರಿಸಲು ಬಿಡುವುದಿಲ್ಲ, ಅದು ಒಳ್ಳೆಯದೇ. ಆದರೆ ತಪ್ಪುವುದು ಇಲ್ಲಿ: ಆಟಗಾರ ಸಂಜೆ ಗುಣಮುಖನೆಂದು ಘೋಷಣೆಯಾಗುತ್ತಾನೆ, ನಿಮ್ಮ ರೋಸ್ಟರ್ ಭರ್ತಿ, ಯಾರನ್ನಾದರೂ ಬಿಡಲೇಬೇಕು, ಬಿಡಬೇಕೆಂದಿದ್ದವನ ಪಂದ್ಯ ಆಗಲೇ ಶುರುವಾಗಿ ಅವನು ಲಾಕ್ ಆಗಿದ್ದಾನೆ, ಅಂದರೆ ಈಗ ಬದಲಿಸುವಂತಿಲ್ಲ. ಗಾಯಾಳು ಬೆಳಗಿನ ಅಭ್ಯಾಸದಲ್ಲಿ ಮಾಮೂಲಿ ಜರ್ಸಿ ತೊಟ್ಟು ಸ್ಕೇಟ್ ಮಾಡಿದ್ದಾನೆ ಎಂದು ಸುದ್ದಿ ಬಂದ ದಿನವೇ ಜಾಗ ಮಾಡಿಟ್ಟುಕೊಳ್ಳಿ.

ಒಬ್ಬ ಮಹಾಶಯ ಐದು ಗೋಲ್‌ಕೀಪರ್‌ಗಳನ್ನು ಇಟ್ಟುಕೊಂಡು ಕೂತಿದ್ದಾನೆ. ಇನ್ನೊಬ್ಬ ಸೋಮವಾರ ಶಟೌಟ್ (ಒಂದೂ ಗೋಲು ಬಿಡದ ಪಂದ್ಯ) ಸಿಕ್ಕಿತೆಂದು ವಾರವಿಡೀ ಉಳಿದ ಗೋಲ್‌ಕೀಪರ್‌ಗಳನ್ನು ಬೆಂಚಿನಲ್ಲಿಟ್ಟ. ಎರಡಕ್ಕೂ ಒಂದೇ ನಿಯಮ ಸಾಕೇ?
— ಎಡಿಸನ್, ನ್ಯೂಜೆರ್ಸಿಯ ಓದುಗರು

ಸಾಲದು, ಎರಡು ಬೇಕು.

ಮೊದಲನೆಯದು ಸಂಖ್ಯೆಯ ಮಿತಿ. ಮುಖ್ಯ ಗೋಲ್‌ಕೀಪರ್‌ಗಳು 32 ಜನ. 12 ಜನರ ಲೀಗಿನಲ್ಲಿ ತಲಾ 2 ಎಂದರೆ 24. ತಲಾ 3 ಇಟ್ಟುಕೊಂಡರೆ 36, ಆಗಲೇ ಕೊರತೆ. 16 ಜನರ ಲೀಗಿನಲ್ಲಿ ತಲಾ 2ಕ್ಕೇ ಅಷ್ಟೂ ಮುಗಿಯಿತು. ಮೇಲಾಗಿ ಒಬ್ಬನೇ 60 ಪಂದ್ಯ ನಿಲ್ಲುವ ಕಾಲ ಹೋಗುತ್ತಿದೆ. ವಿನ್ನಿಪೆಗ್‌ನ ಕಾನರ್ ಹೆಲೆಬಕ್‌ನಂಥವರು ಈಗ ಅಪರೂಪ. 2022–23ರಲ್ಲಿ ಬಾಸ್ಟನ್‌ನ ಲೀನಸ್ ಉಲ್‌ಮಾರ್ಕ್ ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿ ವೆಜಿನಾ ಗೆದ್ದಿದ್ದು ಬರೀ 49 ಪಂದ್ಯ ಆಡಿ. ಉಳಿದದ್ದರಲ್ಲಿ ಹೆಚ್ಚಿನವನ್ನು ಜೆರೆಮಿ ಸ್ವೇಮನ್ ಹಂಚಿಕೊಂಡ. ಆದ್ದರಿಂದ 12 ಜನರಿಗೆ ತಲಾ 3, ಹೆಚ್ಚೆಂದರೆ 4 ಎಂದು ಮಿತಿ ಹಾಕಿ. ಸೈಟಿನಲ್ಲಿ ಆ ಗುಂಡಿ ಇಲ್ಲದಿದ್ದರೆ ಲೀಗು ನಡೆಸುವ ಕಮಿಷನರ್ ಕೈಯಿಂದಲೇ ಜಾರಿ ಮಾಡಬೇಕು: 24 ಗಂಟೆ ಗಡುವು, ಆಮೇಲೆ ಕೊನೆಗೆ ಸೇರಿಸಿದವನು ಹೊರಗೆ.

ಎರಡನೆಯದು ವಾರದ ಕನಿಷ್ಠ. ಸೋಮವಾರದ ಶಟೌಟ್ ನಂತರ ಪಂದ್ಯಕ್ಕೆ ಬಿಟ್ಟ ಗೋಲುಗಳ ಸರಾಸರಿ 0.00, ಸೇವ್ ಪ್ರಮಾಣ 1.000, ಶಟೌಟ್ ಒಂದು. ಗೋಲ್‌ಕೀಪರ್‌ನ ನಾಲ್ಕು ವಿಭಾಗದಲ್ಲಿ ಮೂರು ಜೇಬಿನಲ್ಲಿ. ಗೆಲುವಿನ ವಿಭಾಗ ಬಿಟ್ಟುಕೊಟ್ಟರೂ ನಷ್ಟವಿಲ್ಲ. ಗೋಲ್‌ಕೀಪರ್‌ಗೆ ವಾರಕ್ಕೆ ಕನಿಷ್ಠ 3 ಪಂದ್ಯ ಎಂದು ಇಟ್ಟರೆ ಮತ್ತೆರಡು ಸಲ ನಿಲ್ಲಿಸಲೇಬೇಕು. ಮೂರು ಪಂದ್ಯ ತಲಾ 60 ನಿಮಿಷ, ಒಟ್ಟು 7 ಗೋಲು ಬಿಟ್ಟರೆ 7 × 60 ÷ 180, ಅಂದರೆ 2.33. ಮಾಯಾಲೋಕ ಕರಗಿತು. ಕನಿಷ್ಠ ಮುಟ್ಟದಿದ್ದರೆ ಗೋಲ್‌ಕೀಪರ್ ವಿಭಾಗಗಳೆಲ್ಲ ಎದುರಾಳಿಗೆ.

ಇದನ್ನು 4 ಮಾಡಬೇಡಿ. ಎರಡು ತಂಡಗಳು ವಾರಕ್ಕೆ ತಲಾ ಮೂರು ಪಂದ್ಯ ಆಡಿ, ಎರಡರಲ್ಲೂ ಇಬ್ಬರು ಹಂಚಿಕೊಂಡರೆ ನಿಮ್ಮ ಪಾಲಿಗೆ ಮೂರೇ. ಬಿಡುವಿನ ವಾರಗಳಲ್ಲಂತೂ 3 ಕೂಡ ಹೆಚ್ಚು. ಮತ್ತೊಂದು ಸೂಕ್ಷ್ಮ: ನಿಯಮದಲ್ಲಿ ‘ಆರಂಭಿಸಿದ ಪಂದ್ಯ’ ಎಂದಿದೆಯೋ, ‘ಇಳಿದ ಪಂದ್ಯ’ ಎಂದೋ ನೋಡಿ. ಮೊದಲಿನವನು ನಾಲ್ಕು ಗೋಲು ತಿಂದು ಹೊರಬಿದ್ದಾಗ 20 ನಿಮಿಷಕ್ಕೆ ಇಳಿದವನೂ ‘ಇಳಿದ’ ಲೆಕ್ಕಕ್ಕೆ ಬರುತ್ತಾನೆ. ಭಾನುವಾರ ರಾತ್ರಿ ಜಗಳ ಆಗುವುದು ಈ ಒಂದು ಪದಕ್ಕೇ.

ನಾನು ಬೆಂಗಳೂರಿನಿಂದ ಅಮೆರಿಕದ ಸಹೋದ್ಯೋಗಿಗಳ ಲೀಗಿನಲ್ಲಿ ಆಡುತ್ತೇನೆ. ಪಂದ್ಯ ನಡೆಯುವಾಗ ನಿದ್ದೆ. ವಾರಕ್ಕೊಮ್ಮೆ ಲಾಕ್ ಮಾಡುವ ನಿಯಮ ತರಲು ಕೇಳಲೇ? ಪ್ರವೇಶ ಶುಲ್ಕವೂ ಕೇಳುತ್ತಿದ್ದಾರೆ.
— ಬೆಂಗಳೂರಿನ ಓದುಗರು

ವಾರದ ಲಾಕ್ ನಿಮಗೆ ಅನುಕೂಲ, ಗಾಯ ಹೆಚ್ಚಿರುವ ಈ ಆಟಕ್ಕೆ ಅನನುಕೂಲ. ಸೋಮವಾರ ಗಾಯಗೊಂಡವನು ಭಾನುವಾರದವರೆಗೂ ನಿಮ್ಮ ಜಾಗ ತಿನ್ನುತ್ತಾನೆ. ದಿನದ ಲಾಕ್ ಇರಲಿ, ನಿಮ್ಮ ಗಡಿಯಾರ ಹೊಂದಿಸಿಕೊಳ್ಳಿ. ಪೂರ್ವ ತೀರದ ಸಂಜೆ 7ರ ಪಂದ್ಯ ಅಕ್ಟೋಬರ್‌ನಲ್ಲಿ ನಮಗೆ ಬೆಳಗಿನ ಜಾವ 4.30. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ 5.30, ಮಾರ್ಚ್ ಎರಡನೇ ಭಾನುವಾರದಿಂದ ಮತ್ತೆ 4.30. ಚಳಿಗಾಲದಲ್ಲಿ ಲಾಸ್ ಏಂಜಲೀಸ್‌ನ ಸಂಜೆ 7 ಗಂಟೆ ಎಂದರೆ ಇಲ್ಲಿ ಬೆಳಗ್ಗೆ 8.30.

ಯಾವ ಗೋಲ್‌ಕೀಪರ್ ನಿಲ್ಲುತ್ತಾನೆ ಎನ್ನುವುದು ತಂಡಗಳ ಬೆಳಗಿನ ಅಭ್ಯಾಸದಲ್ಲಿ ತಿಳಿಯುತ್ತದೆ. ಅದು ಅಲ್ಲಿ ಹತ್ತೂವರೆ, ಹನ್ನೊಂದೂವರೆ. ಚಳಿಗಾಲದಲ್ಲಿ ಇಲ್ಲಿ ರಾತ್ರಿ 9ರಿಂದ 10. ಊಟವಾದ ಮೇಲೆ ಒಮ್ಮೆ ನೋಡಿ ಮಲಗಿದರೆ ಬಹುತೇಕ ಕೆಲಸ ಮುಗಿಯಿತು. ಅಡ್ಡಿಯಾಗುವುದು ಸತತ ಎರಡು ದಿನ ಆಡುವ ತಂಡಗಳಿಂದ. ಎರಡನೇ ದಿನ ಬೆಳಗಿನ ಅಭ್ಯಾಸ ಸಾಮಾನ್ಯವಾಗಿ ಇರುವುದಿಲ್ಲ, ಹೆಸರು ಗೊತ್ತಾಗುವುದು ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ. ಮೊದಲ ದಿನ ಮುಖ್ಯ ಗೋಲ್‌ಕೀಪರ್ ನಿಂತಿದ್ದರೆ ಎರಡನೇ ದಿನ ಎರಡನೆಯವನೇ ನಿಲ್ಲುವುದು ರೂಢಿ, ಅದನ್ನೇ ನೆಚ್ಚಿಕೊಳ್ಳಿ.

ಶುಲ್ಕ ಕೊಡಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಹಾಕಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಕೌಶಲದ ಆಟ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಉಚಿತ ಸದಸ್ಯರಾಗಿ ಆಡಿ.

2026–27ರಿಂದ 84 ಪಂದ್ಯ ಎನ್ನುತ್ತಾರೆ. ನಮ್ಮದು ಇಡೀ ಸೀಸನ್ನಿನ ಒಟ್ಟು ಅಂಕ ಎಣಿಸುವ ರೋಟೋ ಲೀಗು. ಏನಾದರೂ ಬದಲಿಸಬೇಕೇ?
— ಸಿಯಾಟಲ್‌ನ ಓದುಗರು

ಬದಲಿಸಲೇಬೇಕು. ಆಟಗಾರರ ಸಂಘದೊಂದಿಗಿನ ಹೊಸ ಒಪ್ಪಂದದಂತೆ ಪ್ರತಿ ತಂಡಕ್ಕೆ 82 ಪಂದ್ಯ ಇದ್ದದ್ದು 84 ಆಗುತ್ತದೆ. ರೋಟೋದಲ್ಲಿ ಪ್ರತಿ ಜಾಗಕ್ಕೂ ಪಂದ್ಯಗಳ ಗರಿಷ್ಠ ಮಿತಿ ಇರುತ್ತದೆ; ಹಳೆಯ ಲೀಗನ್ನು ನವೀಕರಿಸಿದಾಗ ಹಳೆಯ ಅಂಕಿಯೇ ಉಳಿದಿರಬಹುದು. 2 ಸೆಂಟರ್‌ಗೆ 164 ಇದ್ದದ್ದು 168, ವಿಂಗ್‌ಗಳಿಗೂ ಹಾಗೆಯೇ, 4 ಡಿಫೆನ್ಸ್‌ಗೆ 328ರ ಬದಲು 336. ಡ್ರಾಫ್ಟಿಗೆ ಮೊದಲು ಸೆಟ್ಟಿಂಗ್ಸ್ ತೆರೆದು ಒಂದೊಂದೇ ನೋಡಿ. ಬಿಟ್ಟರೆ ಏಪ್ರಿಲ್‌ನಲ್ಲಿ, ಅಂಕ ಬೇಕಾದ ಕೊನೆಯ ವಾರದಲ್ಲೇ, ಜಾಗಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ವಾರಕ್ಕೆ ಎಷ್ಟು ಬಾರಿ ಆಟಗಾರರನ್ನು ಬದಲಿಸಬಹುದು ಎನ್ನುವುದಕ್ಕೆ ನಮ್ಮಲ್ಲಿ ಮಿತಿಯಿಲ್ಲ.
— ವಾಟರ್‌ಲೂ, ಒಂಟಾರಿಯೊ

ಮಿತಿ ಇರಲೇಬೇಕು. ವಾರಕ್ಕೆ 4 ಸಾಕು, 10 ಜನರ ಲೀಗಾದರೆ 5. ಮಿತಿಯಿಲ್ಲದಿದ್ದರೆ ದಿನಕ್ಕೊಬ್ಬನನ್ನು ತಂದು ಆಡಿಸುವವನು ಶಾಟ್, ಹಿಟ್‌ನಂಥ ಎಣಿಕೆಯ ವಿಭಾಗಗಳನ್ನು ಬರೀ ಪಂದ್ಯಗಳ ಸಂಖ್ಯೆಯಿಂದಲೇ ಗೆಲ್ಲುತ್ತಾನೆ. ಜೊತೆಗೆ ವೇವರ್‌ಗೆ (ಬೇರೆಯವರು ಕೈಬಿಟ್ಟ ಆಟಗಾರರನ್ನು ಪಡೆಯುವುದಕ್ಕೆ) ಹರಾಜು ಪದ್ಧತಿ ತನ್ನಿ: ಸೀಸನ್ನಿಗೆ ಎಲ್ಲರಿಗೂ 100 ಕಾಲ್ಪನಿಕ ಡಾಲರ್, ಗುಟ್ಟಿನ ಕೂಗು, ಸೊನ್ನೆ ಕೂಗಿಗೂ ಅವಕಾಶ, ಸಮವಾದರೆ ಪಟ್ಟಿಯಲ್ಲಿ ಕೆಳಗಿರುವ ತಂಡಕ್ಕೆ. ಮೊದಲು ಎದ್ದವನಿಗೇ ಒಳ್ಳೆಯ ಆಟಗಾರ ಎನ್ನುವ ಅನ್ಯಾಯ ತಪ್ಪುತ್ತದೆ, ವಿಶೇಷವಾಗಿ ನಿಮ್ಮ ಲೀಗಿನಲ್ಲಿ ಮೂರು ಕಾಲವಲಯದವರಿದ್ದರೆ.

ಸೀಸನ್ ನಡುವೆ ರೋಸ್ಟರ್ ನಿಯಮ ಬದಲಿಸಬಹುದೇ? ಬಹುಮತ ಇದೆ.
— ಹೆಸರು ಬೇಡವೆಂದ ಕಮಿಷನರ್

ಬಹುಮತ ಇರುವುದು ಸಹಜ. ಡಿಸೆಂಬರ್‌ನಲ್ಲಿ ಹೆಚ್ಚು ಗಾಯಾಳುಗಳಿರುವ ಏಳು ಜನ ಹೆಚ್ಚು ಐಆರ್ ಕೇಳುತ್ತಾರೆ, ಉಳಿದ ಐವರು ಬೇಡ ಎನ್ನುತ್ತಾರೆ. ಅದು ಮತದಾನವಲ್ಲ, ಗಾಯಾಳುಗಳ ಗಣತಿ.

ನಾವು ಒಪ್ಪುವ ಅಪವಾದ ಒಂದೇ: ಎನ್‌ಎಚ್‌ಎಲ್ ವೇಳಾಪಟ್ಟಿಯೇ ಮುರಿದು ಬಿದ್ದಾಗ. 2020ರ ಮಾರ್ಚ್ 12ರಂದು ಸೀಸನ್ ನಿಂತಾಗ, 2021ರ ಡಿಸೆಂಬರ್‌ನಲ್ಲಿ ಕೋವಿಡ್‌ನಿಂದ ಪಂದ್ಯಗಳು ಸಾಲುಸಾಲಾಗಿ ಮುಂದೂಡಿದಾಗ ಹೆಚ್ಚುವರಿ ಐಆರ್ ಜಾಗ ಕೊಡುವುದಕ್ಕೆ ಕಾರಣವಿತ್ತು. ಒಲಿಂಪಿಕ್ಸ್ ಬಿಡುವು ಆ ಲೆಕ್ಕಕ್ಕೆ ಬರುವುದಿಲ್ಲ. 2026ರ ಫೆಬ್ರವರಿಯಂಥ ಬಿಡುವು ಮೊದಲೇ ಗೊತ್ತಿರುತ್ತದೆ. ಅದರ ಆಚೀಚೆಯ ವಾರಗಳನ್ನು ಒಂದೇ ಮುಖಾಮುಖಿಯಾಗಿ ಜೋಡಿಸುವುದನ್ನು ಡ್ರಾಫ್ಟಿಗೆ ಮೊದಲೇ ಬರೆದಿಡಬೇಕು.

ಉಳಿದ ಬದಲಾವಣೆಗೆ ಕ್ರಮ ಹೀಗಿರಲಿ. ಏಪ್ರಿಲ್‌ನಲ್ಲಿ ಸೀಸನ್ ಮುಗಿದ ಮೇಲೆ ಎರಡು ವಾರ ಪ್ರಸ್ತಾವಕ್ಕೆ. ಪ್ರಸ್ತಾವ ತಂದವನು ಹಳೆಯ ಮತ್ತು ಹೊಸ ಜಾಗಗಳ ಲೆಕ್ಕವನ್ನು ತಲಾವಾರು ಬರೆದು ಕೊಡಬೇಕು. ಲೆಕ್ಕವಿಲ್ಲದ್ದನ್ನು ಮತಕ್ಕೆ ಹಾಕಬೇಡಿ. ಜುಲೈ 1ಕ್ಕೆ ಎನ್‌ಎಚ್‌ಎಲ್ ಫ್ರೀ ಏಜೆನ್ಸಿ (ಒಪ್ಪಂದ ಮುಗಿದ ಆಟಗಾರರು ಹೊಸ ತಂಡ ಸೇರುವ ಕಾಲ) ಶುರುವಾಗುವ ಮೊದಲು ಮತ ಮುಗಿಯಲಿ, ಏಕೆಂದರೆ ಯಾರು ಯಾವ ತಂಡಕ್ಕೆ ಹೋದರು ಎಂದು ತಿಳಿದ ಮೇಲೆ ಮತಗಳೂ ಆ ಕಡೆ ವಾಲುತ್ತವೆ. 12ರಲ್ಲಿ 8 ಮತ ಬೇಕು. ಉಳಿಸಿಕೊಂಡ ಆಟಗಾರರ ಬೆಲೆ ತಟ್ಟುವ ನಿಯಮವಾದರೆ, ಉದಾಹರಣೆಗೆ ಮೇಲೆ ಹೇಳಿದ ‘6 ಫಾರ್ವರ್ಡ್’, ಗೆದ್ದ ಮೇಲೂ ಒಂದು ಪೂರ್ತಿ ಸೀಸನ್ ಬಿಟ್ಟು ಜಾರಿಗೆ ತನ್ನಿ. ಸೋತವನಿಗೆ ತನ್ನ ವಿಂಗರ್‌ನನ್ನು ಮಾರಿಕೊಳ್ಳಲು ಅಷ್ಟು ಕಾಲ ಬೇಕು.

ಇದೆಲ್ಲ ಮಂಜುಗಡ್ಡೆ ಮೇಲಿನ ಹಾಕಿಯಾಟ. ನಮ್ಮ ಹಾಕಿಗೆ, ಹಾಕಿ ಇಂಡಿಯಾ ಲೀಗಿಗೆ, ಗೆಳೆಯರೇ ಸೇರಿ ಇಂಥದ್ದೊಂದು ಮಾಡಿಕೊಳ್ಳಬಹುದೇ?
— ಮಡಿಕೇರಿಯ ಓದುಗರು

ಧಾರಾಳವಾಗಿ, ಹಣವಿಲ್ಲದೆ, ಕೈಬರಹದ ಅಂಕಪಟ್ಟಿಯಲ್ಲಿ. ಪಂದ್ಯಗಳು ಕಡಿಮೆ, ಆದ್ದರಿಂದ ಬೆಂಚ್ ಬೇಡ. ಎಂಟು ಜನರ ತಂಡ ಸಾಕು: 1 ಗೋಲ್‌ಕೀಪರ್, 2 ಡಿಫೆಂಡರ್, 3 ಮಿಡ್‌ಫೀಲ್ಡರ್, 2 ಫಾರ್ವರ್ಡ್, ಪ್ರತಿ ಸುತ್ತಿನ ನಂತರ ಇಬ್ಬರನ್ನು ಬದಲಿಸಲು ಅವಕಾಶ. ಡಿಫೆಂಡರ್ ಜಾಗವನ್ನು ಮಾತ್ರ 2ಕ್ಕಿಂತ ಹೆಚ್ಚಿಸಬೇಡಿ. ನಮ್ಮ ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಹೊಡೆಯುವ ಡ್ರ್ಯಾಗ್ ಫ್ಲಿಕ್ಕರ್‌ಗಳಲ್ಲಿ ಹಲವರು ಡಿಫೆಂಡರ್‌ಗಳೇ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಗೋಲು ಹೊಡೆದು ಮೊದಲಿಗನಾದ ಹರ್ಮನ್‌ಪ್ರೀತ್ ಸಿಂಗ್ ಡಿಫೆಂಡರ್. ನಾಲ್ಕು ಜಾಗ ಕೊಟ್ಟರೆ ಮೊದಲು ಆರಿಸುವವರು ಫ್ಲಿಕ್ಕರ್‌ಗಳನ್ನೆಲ್ಲ ಬಾಚಿಕೊಳ್ಳುತ್ತಾರೆ. ಪೆನಾಲ್ಟಿ ಕಾರ್ನರ್ ಗೋಲಿಗೆ 2, ಫೀಲ್ಡ್ ಗೋಲಿಗೆ 3 ಅಂಕ ಇಟ್ಟರೆ ಫಾರ್ವರ್ಡ್‌ಗಳಿಗೂ ಬೆಲೆ ಉಳಿಯುತ್ತದೆ. ಹಸಿರು ಕಾರ್ಡಿಗೆ 1, ಹಳದಿಗೆ 2 ಕಳೆಯಿರಿ.